ಮುತ್ಯಾ ಉಸಿರು ತಗೊಳ್ಳುವ ಜಾಗ

ನನ್ನ ಮೊಮ್ಮಗಳು ಬ್ಯಾಂಡಿಗೆ ಸೇರಿದಳು! ಬೇರೆ ಯಾವುದೋ ಬ್ಯಾಂಡಿಗಲ್ಲ, ನಾನು ಪ್ರಾಯವೆಲ್ಲ ಊದಿ ಕಳೆದ ನಮ್ಮ ಮದುವೆ ಬ್ಯಾಂಡಿಗೆ, ನನ್ನದೇ ಕ್ಲಾರ್ನೆಟ್ ಹಿಡಿದು ಸೇರಿದಳು. ನಿನ್ನೆ ಬಿಳೂರಿನ ಮದುವೆಯಲ್ಲಿ ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ಊದಿದಳು. ಊದಿ ಮುಗಿಸಿದ ಮೇಲೆ ಬ್ಯಾಂಡಿನ ಮಾಲಕ ನನ್ನ ಕಡೆ ತಿರುಗಿ, "ಕಾಕಾ, ಈ ಸೀಜನ್ ಪೂರಾ ಆಕೀನ ಊದಲಿ," ಅಂದ. ಆ ಮಾತನ್ನು ನಿನ್ನೆಯಿಂದ ಎಷ್ಟು ಮಂದಿಗೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಹಾಲು ಒಯ್ಯಲು ಬಂದವನಿಗೆ ಹೇಳಿದೆ. ಬಸ್ಸಿಗೆ ಕಾಯುತ್ತ ನಿಂತವರಿಗೆ ಹೇಳಿದೆ. ಯಾರೂ ಸಿಗದಿದ್ದಾಗ ಗೋದಲಿಯ ಹತ್ತಿರ ನಿಂತು ಎಮ್ಮೆಗೂ ಹೇಳಿದೆ. ಹೇಳಿ ಹೇಳಿ ಗಂಟಲು ಬಿದ್ದಿದೆ. ಉಳಿದದ್ದನ್ನು ಬರೆದುಬಿಡೋಣ ಅಂತ ಕೂತಿದ್ದೇನೆ.

ದಣಿದಿದ್ದೇನೆ, ಸುಳ್ಳು ಯಾಕೆ ಹೇಳಲಿ. ನಿನ್ನೆ ನಾನು ಊದಲಿಲ್ಲ, ಹೆಗಲಿಗೆ ಏನೂ ಹೊರಲಿಲ್ಲ, ಬ್ಯಾಂಡಿನ ಬದಿಗೆ ಸುಮ್ಮನೆ ನಡೆದೆ ಅಷ್ಟೆ. ಆದರೂ ಇಡೀ ಸೀಜನ್ನಿನ ದಣಿವು ಒಂದೇ ದಿನಕ್ಕೆ ಮೈಮೇಲೆ ಬಿದ್ದ ಹಾಗೆ ಆಗಿದೆ. ಮೊಣಕಾಲಲ್ಲಿ, ಸೊಂಟದಲ್ಲಿ, ಎದೆಯಲ್ಲಿ, ಎಲ್ಲ ಕಡೆ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಗೋಡೆ ಹಿಡಿದೆ. ನನ್ನ ಹೆಂಡತಿ ನೋಡಿ, "ಊದಿದಾಕಿ ಕಾಲೇಜಿಗಿ ಹೋಗಿ ಆತು, ನೋಡಿದವರು ಇನ್ನಾ ಎದ್ದಿಲ್ಲ," ಅಂದಳು.

ಊದುವವನ ದಣಿವೇ ಬೇರೆ. ಢೋಲಿನವನಿಗೆ ತೋಳು ನೋಯುತ್ತದೆ, ಕಂಚಿನ ಝಾಂಜು ಬಡಿಯುವವನಿಗೆ ಮಣಿಕಟ್ಟು. ನಮ್ಮದು ತುಟಿ. ಕ್ಲಾರ್ನೆಟ್ಟಿನ ಬಾಯಿಯ ಹತ್ತಿರ ಜೊಂಡಿನ ತೆಳ್ಳನೆಯ ಸೀಳೊಂದನ್ನು ಕಟ್ಟಿರುತ್ತಾರೆ, ಅದಕ್ಕೆ ರೀಡು ಅನ್ನುತ್ತೇವೆ. ಕೆಳತುಟಿಯನ್ನು ಒಳಗೆ ಮಡಚಿ ಕೆಳಹಲ್ಲಿನ ಮೇಲೆ ಹಾಸಿ, ಅದರ ಮೇಲೆ ಆ ರೀಡನ್ನು ಕೂರಿಸಿ ಊದಬೇಕು. ಬಿಸಿಲಲ್ಲಿ ವರಾತು, ಅಂದರೆ ಮದುಮಗನ ಮೆರವಣಿಗೆ, ಊರೆಲ್ಲ ಸುತ್ತಿ ಮಂಟಪಕ್ಕೆ ಬರುವಷ್ಟರಲ್ಲಿ ನಮ್ಮ ಹಲ್ಲೇ ನಮ್ಮ ತುಟಿಯನ್ನು ಒಳಗಿಂದ ಕತ್ತರಿಸಿರುತ್ತದೆ. ಮದುವೆ ಊಟದಲ್ಲಿ ಬ್ಯಾಂಡಿನವರದು ಕಟ್ಟಕಡೆಯ ಪಂಗತಿ. ಅಷ್ಟು ಹೊತ್ತಿಗೆ ಸಾರಿನ ತಳದಲ್ಲಿ ಖಾರವೊಂದೇ ಉಳಿದಿರುತ್ತದೆ. ಒಂದು ತುತ್ತು ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ನಾನು ಎಷ್ಟೋ ಮದುವೆಗಳಲ್ಲಿ ಬರೀ ಅನ್ನ ನುಂಗಿ ಎದ್ದು ಬಂದಿದ್ದೇನೆ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ರೂಢಿ ಬಿದ್ದಿತ್ತು. ಮದುವೆಯ ದಿನ ಸಂಜೆ ನನ್ನ ಹೆಂಡತಿ ನನ್ನ ಊಟವನ್ನು ಬೇರೆ ಮಾಡುತ್ತಿದ್ದಳು. ಹಾಲಲ್ಲಿ ಮುರಿದ ರೊಟ್ಟಿ, ಬೆಲ್ಲ, ಇಲ್ಲದಿದ್ದರೆ ಗೋಧಿ ಹುಗ್ಗಿ. ಖಾರದ ಹನಿಯೂ ತಾಗಬಾರದು. ಮಕ್ಕಳು ಅದಕ್ಕೆ ಕೈ ಹಾಕಿದರೆ, "ಏ, ಅದು ಊದವರ ತಾಟ," ಅಂತ ಕೈಗೆ ಬಡಿಯುತ್ತಿದ್ದಳು.

ಆ ತಾಟು ಕೆಲವು ವರ್ಷಗಳಿಂದ ಗೋಡೆಯ ಮಾಡದಲ್ಲಿ ಮಲಗಿತ್ತು. ನನ್ನ ಕೆಳಹಲ್ಲುಗಳು ಒಂದೊಂದಾಗಿ ಹೋದವು. ಹಲ್ಲಿಲ್ಲದೆ ತುಟಿಗೆ ಆಸರೆ ಇಲ್ಲ. ಊದಿದರೆ ನಾದ ಬರುವ ಬದಲು ಪಂಕ್ಚರ್ ಆದ ಗಾಲಿಯ ಹಾಗೆ ಗಾಳಿ ಹೋಗುತ್ತಿತ್ತು. ಅದಕ್ಕೂ ಮೊದಲೇ ದಮ್ಮು ಕಡಿಮೆಯಾಗಿತ್ತು, ಆ ಮಾತು ಮುಂದೆ ಬರುತ್ತದೆ. ಬ್ಯಾಂಡಿನ ಮಾಲಕ ಒಳ್ಳೆಯವನು, ನನ್ನ ಕೈಯಲ್ಲಿ ಬೆಳೆದ ಹುಡುಗ. ಬಿಡು ಅಂತ ಒಮ್ಮೆಯೂ ಅನ್ನಲಿಲ್ಲ. ನಾನೇ ಬಿಟ್ಟೆ. ಅವನು ಒಂದು ಕೀಬೋರ್ಡ್ ತಂದು, ಗಾಡಿಯ ಮೇಲೆ ಸ್ಪೀಕರ್ ಕಟ್ಟಿಕೊಂಡು ಕೆಲಸ ನಡೆಸಿದ. ನಾನು ಕ್ಲಾರ್ನೆಟ್ಟನ್ನು ಬಿಚ್ಚಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟೆ. ಆಗಾಗ ತೆಗೆದು ಮತ್ತೆ ಒರೆಸಿ ಇಡುತ್ತಿದ್ದೆ. ಕಡೆಗೆ ಅದೂ ಬೇಜಾರಾಗಿ, ಮಿರಜಿಗೆ ಒಯ್ದು ಊದುವವರಿಗೆ ಯಾರಿಗಾದರೂ ಕೊಟ್ಟು ಬರೋಣ ಅಂತ ಒಂದು ಮಧ್ಯಾಹ್ನ ಹೊರಗೆ ತೆಗೆದಿಟ್ಟಿದ್ದೆ.

ಆವತ್ತು ಮೊಮ್ಮಗಳು ಜತ್ತಿನ ಕಾಲೇಜಿನಿಂದ ಬಂದವಳು ಪೆಟ್ಟಿಗೆಯ ಮುಂದೆ ಕೂತಳು. ನನ್ನ ಮಗನ ಮಗಳು. ಮನೆಯಲ್ಲಿ ಇದ್ದಾಳೋ ಇಲ್ಲವೋ ಅನ್ನುವ ಹಾಗೆ ಇರುವ ಹುಡುಗಿ. ನಾಲ್ಕು ಮಂದಿ ಕೂಡಿದರೆ ಬಾಯಿಗೆ ಬೀಗ.

"ಮುತ್ಯಾ, ಇದನ್ನ ಎಲ್ಲಿ ಒಯ್ಯಾಕತ್ತಿ?"

"ಮಿರಜಿಗಿ."

"ಒಮ್ಮಿ ಊದಲೇನು?"

"ಊದವ್ವಾ. ಅದರ ಋಣ ಹೆಂಗೂ ಮುಗಿತು."

ಊದಿದಳು. ಒಳಗಿಂದ ನನ್ನ ಹೆಂಡತಿ ಕೂಗಿದಳು: "ಆಡಿನ ಮರಿ ಬಾಗಲಾಗ ಸಿಕ್ಕೊಂಡೈತಿ ನೋಡ್ರಿ ಲಗೂನ!"

ನಾನು ನಕ್ಕೆ. ಹುಡುಗಿ ನಗಲಿಲ್ಲ. ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅದರ ಕಡೆಯೇ ನೋಡುತ್ತಿದ್ದಳು. ಮತ್ತೆ ಊದಿದಳು. ಮತ್ತೆ ಆಡಿನ ಮರಿ. ಮೂರನೆಯ ಸಲ, ಹೇಗೋ ಏನೋ, ತುಟಿ ಸರಿಯಾಗಿ ಕೂತು ಒಂದು ಗಟ್ಟಿ ನಾದ ಬಂತು. ಮೋಟು ನಾದ, ಆದರೆ ನಾದ. ಅವಳು ಬೆಚ್ಚಿ ಬಾಯಿ ತೆಗೆದಳು. "ಮುತ್ಯಾ, ಇದು ನನ್ನಿಂದ ಬಂತೇನು?" ಅಂದಳು. ಆಮೇಲೆ ತಲೆ ತಗ್ಗಿಸಿ, "ಕಾಲೇಜಿನ್ಯಾಗ ನಾ ಬಾಯಿ ತಗದ್ರ ಧ್ವನೀನ ಹೊರಗ ಬರೂದಿಲ್ಲ. ಮಾಸ್ತರು ಜೋರ್ ಹೇಳ ಅಂತಾರ. ಇದರಾಗ ಬರ್ತೈತಿ ನೋಡು," ಅಂದಳು.

ಮಿರಜಿನ ಬಸ್ಸು ಹೋಯಿತು. ನಾನು ಹೋಗಲಿಲ್ಲ.

ಕಲಿಸುವುದು ಊದುವುದಕ್ಕಿಂತ ದಣಿವಿನ ಕೆಲಸ ಅಂತ ನನಗೆ ಗೊತ್ತಿರಲಿಲ್ಲ. ಹಲ್ಲಿಲ್ಲದ ಬಾಯಿಂದ ಊದಿ ತೋರಿಸಲಾರೆ. ಅವಳು ಮೊದಲು ಫೋನಿನಲ್ಲಿ ನೋಡಿ ಕಲಿಯುತ್ತೇನೆ ಅಂದಳು. ಫೋನಿನಲ್ಲಿ ಯಾರೋ ಬಿಳಿಯ ಮನುಷ್ಯ ಬೆರಳು ಇಟ್ಟು ತೋರಿಸುತ್ತಿದ್ದ. ಅವನ ಹಾಗೆಯೇ ಇವಳೂ ಇಟ್ಟರೆ ಬೇರೆಯೇ ಸ್ವರ ಬರುತ್ತಿತ್ತು. ಅವನ ಕ್ಲಾರ್ನೆಟ್ಟಿನ ಕೀಲಿಗಳ ಜೋಡಣೆ ಬೇರೆ, ನಮ್ಮ ಹಳೆಯ ಬ್ಯಾಂಡಿನದು ಬೇರೆ. ಇಬ್ಬರೂ ಅದು ತಿಳಿಯದೆ ಎಷ್ಟೋ ದಿನ ಕಳೆದೆವು. "ನಿನ್ನ ಬೆರಳ ಸಣ್ಣವ, ತೂತು ಮುಚ್ಚವಲ್ಲವು," ಅಂತ ನಾನು ಅವಳನ್ನೇ ಬಯ್ಯುತ್ತಿದ್ದೆ. ಕಡೆಗೆ ಫೋನು ಮಗ್ಗುಲಿಗಿಟ್ಟು, ಅವಳ ಹಿಂದೆ ಕೂತು, ಅವಳ ಹೆಗಲ ಮೇಲೆ ನನ್ನ ಬೆರಳು ಇಟ್ಟೆ. ನಾನು ಬಾಯಿಂದ ಗುನುಗುವುದು, ಹೆಗಲ ಮೇಲೆ ಆ ಸ್ವರದ ಬೆರಳು ಒತ್ತುವುದು, ಅವಳು ಕ್ಲಾರ್ನೆಟ್ಟಿನ ಮೇಲೆ ಅದೇ ಬೆರಳು ಇಡುವುದು. ಹಾಗೆ ಶುರುವಾಯಿತು.

ನಾನು ಕಲಿತದ್ದು ತಿಕೋಂಡಿಯಲ್ಲಿ, ನನ್ನ ಸೋದರಮಾವನ ಹತ್ತಿರ. ಕನ್ನಡ ಸಾಲಿಯ ಮೂರನೆಯ ಇಯತ್ತೆ ಬಿಡಿಸಿ ನನ್ನನ್ನು ಅಲ್ಲಿ ಕುರಿ ಕಾಯಲು ಬಿಟ್ಟಿದ್ದರು. ಮಾವ ಮೊದಲಿಗೆ ಪೂರ್ತಿ ಕ್ಲಾರ್ನೆಟ್ ಕೊಡಲಿಲ್ಲ. ಬಾಯಿಗಿಡುವ ತುಂಡೊಂದನ್ನೇ ಕಿತ್ತು ಕೈಗಿಟ್ಟು, "ಕುರಿ ಮುಂದ ಇದನ್ನ ಊದ್ಕೋತ ಕುಂದ್ರು. ಕುರಿ ಬೆದರೂದು ಬಿಟ್ಟ ದಿನ ಬಾ," ಅಂದ. ನಾನು ಊದಿದಾಗಲೆಲ್ಲ ಕುರಿಗಳು ಕಿವಿ ನೆಟ್ಟಗೆ ಮಾಡಿ ಗುಡ್ಡದ ಆಚೆ ಓಡುತ್ತಿದ್ದವು. ಅವುಗಳ ಹಿಂದೆ ಓಡಿ, ಕೂಡಿಸಿ, ಮತ್ತೆ ಊದಿ, ಮತ್ತೆ ಓಡಿ. ನನ್ನ ದಮ್ಮು ಗಟ್ಟಿಯಾದದ್ದು ಊದಿಯೋ ಓಡಿಯೋ ಇವತ್ತಿಗೂ ಹೇಳಲಾರೆ.

ಮೊಮ್ಮಗಳಿಗೆ ಕುರಿ ಇರಲಿಲ್ಲ, ಎಮ್ಮೆ ಇತ್ತು. ಎಮ್ಮೆ ಕಟ್ಟುವ ತಗಡಿನ ಶೆಡ್ಡಿನಲ್ಲೇ ನಮ್ಮ ಸಾಲಿ. ಅವಳು ಊದಲು ಶುರು ಮಾಡಿದ ಮೇಲೆ ಎಮ್ಮೆ ಹಾಲು ಇಳಿಸುವುದನ್ನೇ ಬಿಟ್ಟಿತು. ಸೊಸೆ ಚರಿಗೆ ಹಿಡಿದು ಕೂತು ಕೂತು ಸಾಕಾಗಿ, "ಮಾವಾರ, ಒಂದು ಹಾಲರೆ ಬರಬೇಕು, ಇಲ್ಲಾ ನಾದರೆ ಬರಬೇಕು. ನಿಮ್ಮ ಸಾಲ್ಯಾಗ ಎರಡೂ ಬರವಲ್ಲವು," ಅಂದಳು. ಹಾಲು ಹಿಂಡುವ ಹೊತ್ತು ಬಿಟ್ಟು ಊದುವುದು ಅಂತ ಮಾತಾಯಿತು. ಆದರೆ ಕಾಲೇಜಿನಿಂದ ಬಸ್ಸು ಬರುವುದೂ ಅದೇ ಹೊತ್ತಿಗೆ. ಬೈಗುಳ ತಿನ್ನುತ್ತಲೇ ಊದಿದೆವು. ಒಂದು ಸಂಜೆ ಅವಳು ಕೆಳಸ್ವರವೊಂದನ್ನು ಹಿಡಿದು ಉದ್ದಕ್ಕೆ ಎಳೆಯುತ್ತಿದ್ದಳು. ಸೊಸೆ ಎದ್ದು ಬಂದು ತುಂಬಿದ ಚರಿಗೆಯನ್ನು ನನ್ನ ಮುಂದೆ ಹಿಡಿದಳು. ನನಗೆ ಮಾವನ ಮಾತು ನೆನಪಾಗಿ, ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು, "ಇನ್ನ ಹಾಡಿಗಿ ಬಾ," ಅಂದೆ.

ಸಿನೆಮಾ ಹಾಡುಗಳನ್ನು ಅವಳು ಬೇಗ ಕಲಿತಳು. ಅವುಗಳನ್ನು ಬ್ಯಾಂಡಿನವರ ಜೊತೆಗೂ ಒಂದೆರಡು ಸಲ ಊದಿ ನೋಡಿದಳು. ಮಾಲಕ ಕೇಳಿ ತಲೆ ಆಡಿಸಿದ, ಆದರೆ ಒಪ್ಪಲಿಲ್ಲ. "ಕಾಕಾ, ಹುಡುಗಿ ಚಲೋ ಊದತಾಳ್ರಿ. ಆದ್ರ ಈ ಹಾಡ ಕೀಬೋರ್ಡಿನ್ಯಾಗೂ ಬರ್ತಾವ. ಬಿಳೂರಿನ ಮದುವ್ಯಾಗ ಹೆಣ್ಣಿನ ಆಯಿ ಕ್ಲಾರ್ನೆಟ್ ಬೇಕ ಅಂತ ಹಟಾ ಹಿಡದಾಳ. ಹೆಣ್ಣ ಒಪ್ಪಸೂ ಧಾಟಿ ಊದಲಿ. ಆಕಿ ನಿಭಾಯಿಸಿದ್ಲಂದ್ರ ಕ್ಲಾರ್ನೆಟ್ ಉಳೀತು. ಇಲ್ಲಂದ್ರ ಆ ಪೆಟಗಿ ನೀವು ಕಡೀಕ ಒಯ್ಯಬೇಕಾಗ್ತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ." ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಗಾಡಿಯಲ್ಲಿ ಜಾಗವೇ ಇಷ್ಟು. ಮನೆಗೆ ಬಂದ ಮೇಲೆ ಹುಡುಗಿ, "ನನಗ ಇದೊಂದ ಬೇಕ ಮುತ್ಯಾ," ಅಂದಳು. ಆ ಹುಡುಗಿ ಬೇಕು ಅಂತ ಕೇಳಿದ್ದನ್ನು ಅದಕ್ಕೂ ಮೊದಲು ನಾನು ಕೇಳಿರಲಿಲ್ಲ.

ಹೆಣ್ಣು ಒಪ್ಪಿಸುವ ಧಾಟಿಗೆ ಮಾತಿಲ್ಲ, ಹೆಸರಿಲ್ಲ. ಮಾವನಿಗೆ ಅವನ ಹಿರಿಯರಿಂದ ಬಂತು, ನನಗೆ ಮಾವನಿಂದ. ಮದುವೆಯೆಲ್ಲ ಮುಗಿದು, ಹೆಣ್ಣಿನ ತಾಯಿ ಮಗಳ ಕೈಯನ್ನು ಬೀಗರ ಕೈಗಿಟ್ಟು, ಎಲ್ಲರೂ ಗಾಡಿಯ ಕಡೆ ನಿಧಾನ ಹೆಜ್ಜೆ ಹಾಕುವಾಗ ಊದುವುದು. ಕೆಳಗಿನಿಂದ ಏಳುತ್ತದೆ, ಏರುತ್ತದೆ, ನಡುವೆ ಉದ್ದನೆಯ ಇಳಿಜಾರು ಒಂದು ಬರುತ್ತದೆ. ಆ ಇಳಿಜಾರನ್ನು ಒಂದೇ ಉಸಿರಲ್ಲಿ ಇಳಿಯಬೇಕು. ಮಾವ ಇಳಿಯುತ್ತಿದ್ದ. ನಾನೂ ಇಳಿದವನೇ. ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆ ಧಾಟಿಯನ್ನು ಒಬ್ಬರೇ ಕೂತು ಕಲಿಯಬಹುದು, ಆದರೆ ಅದಕ್ಕೆ ಢೋಲು ಕೂಡಿಸಬಾರದು ಅಂತ ನಮ್ಮ ಮಾವನ ಕಟ್ಟಳೆ. ಹೆಣ್ಣು ನಿಜವಾಗಿ ಮನೆ ಬಿಡುವಾಗಲಷ್ಟೇ ಢೋಲು. ಬ್ಯಾಂಡಿನವರು ಯಾರೂ ಇವತ್ತಿಗೂ ಅದನ್ನು ಮುರಿದಿಲ್ಲ.

ಅವಳು ಕಲಿತಳು. ನನ್ನ ಗುನುಗಿನಿಂದ, ಹೆಗಲಿನ ಬೆರಳಿನಿಂದ, ಚೂರುಚೂರಾಗಿ. ಒಂದು ದಿನ ಮೊದಲಿನಿಂದ ಕಡೆಯವರೆಗೆ ಊದಿದಳು. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಇಳಿಜಾರಿನ ಅರ್ಧಕ್ಕೆ ಬಂದು ನಿಂತಳು. ಒಂದು ಚೂರು ನಿಂತು, ಮತ್ತೆ ಹಿಡಿದು ಇಳಿದಳು.

"ಅಲ್ಲಿ ಯಾಕ ನಿಂತಿ?"

"ಅಲ್ಲಿ ನಿಲ್ಲಬೇಕಲ್ಲ?"

"ಯಾರ್ ಹೇಳ್ಯಾರ?"

"ನೀ ನಿಲ್ತಿ, ಅದಕ್ಕ."

"ನಾ ಎಲ್ಲಿ ನಿಲ್ತೀನಿ?"

ಹೆಂಡತಿ ಕಾಳು ಹಸನು ಮಾಡುತ್ತ ಕೂತಿದ್ದಳು. ಮೊರದಿಂದ ಕಣ್ಣೆತ್ತದೆ, "ನಿಲ್ತೀರಿ," ಅಂದಳು.

"ನಿನಗೇನ ತಿಳೀತೈತಿ?"

"ಕಿವಿ ಅದಾವ್ರಿ ನನಗ. ಗುನುಗ್ರಿ ಮತ್ತ."

ಗುನುಗಿದೆ. ನಿಂತೆ. ನಿಂತದ್ದು ಆವತ್ತು ಮೊದಲ ಸಲ ನನ್ನ ಕಿವಿಗೆ ಬಿತ್ತು.

ಆಮೇಲೆ ಕೂತು ಯೋಚಿಸಿದರೆ ಎಲ್ಲ ತಿಳಿಯಿತು. ಕೊನೆಕೊನೆಯ ವರ್ಷಗಳಲ್ಲಿ ದಮ್ಮು ಸಾಲದೆ ಆ ಇಳಿಜಾರಿನ ನಡುವೆ ಚೂರು ಉಸಿರು ಕದಿಯುತ್ತಿದ್ದೆ. ಬಿಸಿಲು, ದೂಳು, ಬೆಳಗಿನಿಂದ ಊದಿದ ಎದೆ, ಅಲ್ಲಿಗೆ ಬರುವಷ್ಟರಲ್ಲಿ ಖಾಲಿಯಾಗಿರುತ್ತಿತ್ತು. ಅಳುವ ಗದ್ದಲದಲ್ಲಿ ಯಾರಿಗೆ ಕೇಳಿಸೀತು ಅಂದುಕೊಂಡಿದ್ದೆ. ಕದ್ದು ಕದ್ದು ಅದೇ ರೂಢಿಯಾಗಿ, ಈಗ ಕೂತು ಗುನುಗುವಾಗಲೂ ಅಲ್ಲೇ ನಿಲ್ಲುತ್ತಿದ್ದೆ. ಹುಡುಗಿ ನನ್ನ ಮುದಿ ಎದೆಯ ತೇಕನ್ನು ಧಾಟಿಯ ಭಾಗ ಅಂತ ಕಲಿತುಬಿಟ್ಟಿದ್ದಳು.

ಅದನ್ನು ಬಿಡಿಸಲು ನಾವು ಪಟ್ಟ ಪಾಡು ದೇವರಿಗೇ ಗೊತ್ತು. ಕಲಿಯದವರಿಗೆ ಕಲಿಸಬಹುದು, ಕಲಿತದ್ದನ್ನು ಮರೆಸುವುದು ಮೈ ಮುರಿಯುವ ಕೆಲಸ. ಬೇಡವೆಂದ ಜಾಗದಲ್ಲೇ ಅವಳ ಬೆರಳು ನಿಲ್ಲುತ್ತಿದ್ದವು. ನಾನು ಬೈದೆ. ಬೈದು ಬೈದು ನನಗೇ ದಮ್ಮು ಹತ್ತಿತು. ಕಡೆಗೆ ಅವಳು ಒಂದೇ ಉಸಿರಲ್ಲಿ ಇಳಿಯತೊಡಗಿದಳು. ಶೆಡ್ಡಿನಲ್ಲಿ ಇಳಿದಳು, ಹೊಲದ ಬದುವಿನಲ್ಲಿ ನಿಂತು ಇಳಿದಳು. ಆದರೂ ಮನಸ್ಸು ಚೂರು ಅಳುಕಿದರೆ ಮತ್ತೆ ಅಲ್ಲೇ ನಿಲ್ಲುತ್ತಿದ್ದಳು. ಮದುವೆಯ ದಿನ ಹತ್ತಿರ ಬಂತು. ನನ್ನ ಬ್ಯಾಂಡಿನ ಕೆಂಪು ಕೋಟನ್ನು ಹೆಂಡತಿ ಬಿಚ್ಚಿ ಅವಳ ಅಳತೆಗೆ ಹೊಲಿದಳು. ಎದೆಯ ಮೇಲಿನ ಜರಿ ಪಟ್ಟಿಯನ್ನು ಮಾತ್ರ ಹಾಗೆಯೇ ಬಿಟ್ಟಳು. ನನ್ನ ಮಗ ಅದನ್ನು ತೊಟ್ಟು ನಿಂತ ಮಗಳನ್ನು ನೋಡಿ, "ಅಪ್ಪನ ಕೋಟಿಗಿ ಕಾಲ ಬಂದಾವ," ಅಂತ ನಕ್ಕ. ಆಮೇಲೆ ಹೊರಗೆ ಹೋಗಿ ಎಷ್ಟೋ ಹೊತ್ತು ತನ್ನ ಟೆಂಪೊ ಒರೆಸುತ್ತ ನಿಂತ. ಒರೆಸಿದ್ದನ್ನೇ ಒರೆಸಿದ.

ನಿನ್ನೆ ಬಿಳೂರಲ್ಲಿ ವರಾತು, ಅಕ್ಷತೆ ಎಲ್ಲ ಕೀಬೋರ್ಡಿನದೇ. ಹುಡುಗಿ ಕ್ಲಾರ್ನೆಟ್ಟನ್ನು ಕಂಕುಳಲ್ಲಿ ಒತ್ತಿಕೊಂಡು ಬೇವಿನ ಮರದ ಕೆಳಗೆ ಕೂತಿದ್ದಳು. ರೀಡನ್ನು ಬಾಯಲ್ಲಿಟ್ಟು ತೋಯಿಸುತ್ತಿದ್ದಳು. ನೀರು ಕುಡಿ ಅಂದರೆ ತಲೆ ಅಲ್ಲಾಡಿಸಿದಳು. ಹೊತ್ತು ಇಳಿಯುವ ಮುಂದೆ ಮಂಟಪದಲ್ಲಿ ಅಳು ಶುರುವಾಯಿತು. ಮಾಲಕ ಅವಳ ಕಡೆ ನೋಡಿ ಗದ್ದ ಎತ್ತಿದ. ಅವಳು ಎದ್ದಳು. ಢೋಲಿನವನು ಅವಳ ಎಡಕ್ಕೆ ಬಂದು ನಿಂತ. ನನ್ನ ಜೊತೆ ಬ್ಯಾಂಡಿನಲ್ಲಿ ಮುದಿಯಾದವನು ಅವನು. ಕೋಲು ಕಂಕುಳಿಗೆ ಸಿಕ್ಕಿಸಿ, ಬರಿಗೈಯಲ್ಲಿ ಢೋಲು ಮುಟ್ಟಿ ನೋಡಿದ. ಆ ಧಾಟಿಗೆ ಕೋಲು ಬಳಸುವುದಿಲ್ಲ, ಅಂಗೈ.

ಕೆಳಗಿನಿಂದ ಎದ್ದಳು. ನಾದ ತುಸು ನಡುಗಿತು, ಆಮೇಲೆ ನಿಂತಿತು. ಹೆಣ್ಣಿನ ಆಯಿ, ಕ್ಲಾರ್ನೆಟ್ಟಿಗೆ ಹಟ ಹಿಡಿದ ಆ ಅಜ್ಜಿ, ಸೆರಗು ಬಾಯಿಗಿಟ್ಟುಕೊಂಡಳು. ಜನ ಹೆಜ್ಜೆ ಇಟ್ಟರು. ಏರಿದಳು. ಇಳಿಜಾರಿಗೆ ಬಂದಳು. ನಾನು ನನ್ನ ಎದೆಯಲ್ಲಿ ಅವಳಿಗಾಗಿ ಉಸಿರು ಹಿಡಿದೆ.

ನಿಂತುಬಿಟ್ಟಳು.

ಅದೇ ಜಾಗ. ನನಗೆ ಮುಗಿಯಿತು ಅನಿಸಿತು. ಪಕ್ಕದವನ ಭುಜ ಹಿಡಿದೆ. ಪೆಟ್ಟಿಗೆ ಕಣ್ಣ ಮುಂದೆ ಬಂತು, ಮಿರಜಿನ ಬಸ್ಸು ಬಂತು.

ಆಗ ಢೋಲಿನ ಮೇಲೆ ಅಂಗೈಯ ಎರಡು ಏಟು ಬಿದ್ದವು. ಮೆತ್ತಗೆ, ಒಂದರ ಹಿಂದೆ ಒಂದು. ಆ ಏಟು ಮುಗಿಯುವುದಕ್ಕೂ ಅವಳ ಉಸಿರು ತುಂಬುವುದಕ್ಕೂ ಸರಿಹೋಯಿತು. ಅವಳು ಅಲ್ಲಿಂದಲೇ ಹಿಡಿದು ಕೆಳಗೆ ಇಳಿದಳು. ಎಷ್ಟು ಸರಿಯಾಗಿ ಕೂತಿತು ಅಂದರೆ, ಹೆಣ್ಣಿನ ತಾಯಿ ಆ ಎರಡು ಏಟಿನ ಹೊತ್ತಿಗೇ ಹೋ ಅಂತ ಬಾಯಿ ಬಿಟ್ಟಳು. ಗಾಡಿ ಹೊರಡುವವರೆಗೆ ಅವಳು ಊದಿದಳು. ಎರಡನೆಯ ಸುತ್ತಿನಲ್ಲೂ ಅಲ್ಲೇ ನಿಂತಳು, ಢೋಲು ಅಲ್ಲೇ ತುಂಬಿತು. ಮೂರನೆಯದರಲ್ಲೂ.

ಮುಗಿದ ಮೇಲೆ ನಾನು ಢೋಲಿನವನ ಹತ್ತಿರ ಹೋದೆ. "ಆಕಿ ತಪ್ಪಿದ್ದು ಹ್ಯಾಂಗ ಸಾವರಿಸಿದಿ?" ಅಂದೆ.

"ಎಲ್ಲಿ ತಪ್ಪ್ಯಾಳ?"

"ನಡುವ ನಿಂತಳಲ್ಲೋ."

ಅವನು ನನ್ನ ಮುಖವನ್ನೇ ನೋಡಿ ನಗತೊಡಗಿದ. "ಅಣ್ಣಾ, ನೀ ಅಲ್ಲಿ ತೇಕಾಕ ಸುರು ಮಾಡಿದಾಗಿಂದ ಆ ಸಂದ್ಯಾಗ ನಾ ತುಂಬಕೋತ ಬಂದೀನಿ. ಇಕಿ ನಿಲ್ಲದ ಹಂಗ ಹೋಗಿದ್ರ ನನ್ನ ಎರಡೂ ಏಟ ಆಕಿ ನಾದದ ಮ್ಯಾಲ ಬೀಳ್ತಿದ್ದವು. ಆಗ ತಪ್ಪತಿತ್ತು."

"ಗೊತ್ತಿತ್ತೇನು ನಿನಗ?"

"ಬ್ಯಾಂಡಿನ್ಯಾಗ ಎಲ್ಲಾರಿಗೂ ಗೊತ್ತಿತ್ತು."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಊದೂದ ಬಿಡ್ತಿದ್ದಿ," ಅಂದ. ಢೋಲಿನ ಹಗ್ಗ ಬಿಚ್ಚುತ್ತ ಆ ಕಡೆ ತಿರುಗಿದ.

ಅಷ್ಟು ವರ್ಷ ಕಿವಿಯ ಪಕ್ಕದಲ್ಲೇ ಬಿದ್ದ ಆ ಎರಡು ಏಟನ್ನು ನಾನು ಮಾವನ ಕಾಲದಿಂದ ಬಂದ ತಾಳ ಅಂದುಕೊಂಡಿದ್ದೆ. ಉಸಿರಿಗೆ ಒದ್ದಾಡುವವನಿಗೆ ಕಿವಿ ಎಲ್ಲಿಂದ ಬರಬೇಕು. ನಾನು ಬಿಡಿಸಲು ಹೆಣಗಿದ ಆ ನಿಲ್ಲುವ ಜಾಗ ಅವಳಿಗೆ ಪೂರ್ತಿ ಮರೆತಿದ್ದರೆ, ನಿನ್ನೆ ಮಂಟಪದ ಮುಂದೆ ಅವಳು ಮಾವನ ಹಾಗೆ ಸರಿಯಾಗಿ ಊದಿ ತಪ್ಪುತ್ತಿದ್ದಳು.

ನಾನು ಮೊದಲಲ್ಲೇ ಬರೆದ ಆ ಮಾತನ್ನು ಮಾಲಕ ಬಂದು ಹೇಳಿದ್ದು ಆಗಲೇ. "ವರಾತಿಗಿ ಕೀಬೋರ್ಡ ಇರಲಿ. ಒಪ್ಪಸೂ ಮುಂದ ಆಕೀನ. ಕೀಬೋರ್ಡಿಗಿ ಯಾರೂ ಅಳವಲ್ರು ಕಾಕಾ," ಅಂತಲೂ ಅಂದ. ಹೆಣ್ಣಿನ ಆಯಿ ಬಂದು ಮೊಮ್ಮಗಳ ಗಲ್ಲ ಹಿಡಿದು, "ಯಾರ ಮಗಳವ್ವಾ ನೀ?" ಅಂದಳು. ನಮ್ಮ ಹುಡುಗಿ ನನ್ನ ಕಡೆ ಬೆರಳು ಮಾಡಿ, ಎಲ್ಲರಿಗೂ ಕೇಳುವ ಹಾಗೆ, "ಇವರ ಮೊಮ್ಮಗಳ್ರಿ," ಅಂದಳು. ಜೋರಾಗಿ ಅಂದಳು. ನಾನು ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡೆ.

ಮಗನ ಟೆಂಪೊದಲ್ಲಿ ಮನೆಗೆ ಬರುವಾಗ ಅವಳನ್ನು ಕೇಳಿದೆ, "ಉಸುರು ಸಾಲಲಿಲ್ಲೇನು?"

"ಸಾಲತಿತ್ತು ಮುತ್ಯಾ. ಬೆರಳ ತಾವ ನಿಂತವು," ಅಂದಳು. ಅಷ್ಟಕ್ಕೇ ನನ್ನ ತೋಳಿಗೆ ತಲೆಯಿಟ್ಟು ನಿದ್ದೆ ಹೋದಳು. ಕೆಂಪು ಕೋಟು, ಬಾಯಿ ಅರ್ಧ ತೆರೆದಿದೆ, ಕೆಳತುಟಿ ಊದಿಕೊಂಡಿದೆ. ನನಗೂ ಕಣ್ಣು ಎಳೆಯುತ್ತಿತ್ತು, ಆದರೆ ತೋಳು ಅಲ್ಲಾಡಿದರೆ ಎದ್ದಾಳು ಅಂತ ಎಚ್ಚರವಿದ್ದೆ.

ಮನೆಯ ಮುಂದೆ ಇಳಿಯುವಷ್ಟರಲ್ಲಿ ಸುದ್ದಿ, ಢೋಲಿನ ಎರಡು ಏಟಿನ ಸಮೇತ, ನಮಗಿಂತ ಮೊದಲು ಬಂದಿತ್ತು. ಸೊಸೆ ಬಾಗಿಲಲ್ಲಿ ನಿಂತು ಮಗಳ ದೃಷ್ಟಿ ತೆಗೆದಳು. ಒಳಗೆ ತುಪ್ಪದ ವಾಸನೆ. ಸಂಜೆ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತೆವು, ನಾನು, ಮಗ, ಸೊಸೆ, ಮೊಮ್ಮಗಳು. ಬಡಿಸಿ ಆಮೇಲೆ ಉಣ್ಣುತ್ತೇನೆ ಅನ್ನುವ ಹೆಂಡತಿಯನ್ನೂ ಮಗ ಕೈ ಹಿಡಿದು ಕೂರಿಸಿದ. ನಾನು ಬಿಳೂರಿನ ಕಥೆ ಶುರು ಮಾಡಿದೆ. ಬೇವಿನ ಮರದಿಂದ ಹಿಡಿದು ಹೇಳುತ್ತ ಹೋದೆ. ಇಳಿಜಾರಿನ ಹತ್ತಿರ ಬಂದಾಗ ಖುಷಿಗೋ ದಣಿವಿಗೋ ಮಾತಿನ ನಡುವೆ ದಮ್ಮು ನಿಂತಿತು. ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದೆ. ಮೊಮ್ಮಗಳು ನೆಲದ ಮೇಲೆ ಅಂಗೈಯಿಂದ ಎರಡು ಸಲ ಬಡಿದಳು, ಮೆತ್ತಗೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸೊಸೆಗೆ ನೀರು ನೆತ್ತಿಗೇರಿತು.

"ಇನ್ನ ಸುಮ್ಕ ಉಣ್ರಿ," ಅಂದಳು ಹೆಂಡತಿ.

ಹಳೆಯ ತಾಟು ಮಾಡದಿಂದ ಇಳಿದಿತ್ತು, ಬೂದಿ ಹಚ್ಚಿ ಬೆಳಗಿದ್ದಳು. ಅದರಲ್ಲಿ ಹುಗ್ಗಿ, ಮೇಲೆ ಹಾಲು, ತುಪ್ಪ. ರೂಢಿಯ ಮೇಲೆ ನನ್ನ ಕೈ ಅದರ ಕಡೆ ಹೋಯಿತು. ಹೆಂಡತಿ ಕೈಗೆ ಬಡಿದು, ತಾಟನ್ನು ಮೊಮ್ಮಗಳ ಮುಂದೆ ಸರಿಸಿದಳು.

"ಅದು ಊದವರ ತಾಟ."

ನನ್ನ ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಅಂಚಿಗೆ ಕೆಂಪು ಖಾರದ ಚಟ್ನಿ. ರೊಟ್ಟಿ ಮುರಿದು ಚಟ್ನಿಗೆ ಅದ್ದಿದೆ. ಎದುರಿಗೆ ಹುಡುಗಿ ಊದಿದ ತುಟಿಗೆ ತಾಗದ ಹಾಗೆ, ಚೂರುಚೂರೇ ಹುಗ್ಗಿ ತಿನ್ನುತ್ತಿದ್ದಳು.